ನಾಯಿ ಹಿಡಿಯಲಿಕ್ಕೂ ಸರ್ಟಿಫಿಕೇಟ್ ಬೇಕಾ?

ಪ್ರಶ್ನೆ: ನಮ್ಮ ವಾರ್ಡಿನಲ್ಲಿ ಬೀದಿ ನಾಯಿಗಳ ಕಾಟ ಜಾಸ್ತಿ. ಬೆಳಗ್ಗೆ ಮದ್ರಸಕ್ಕೆ, ಶಾಲೆಗೆ ಹೋಗುವ ಮಕ್ಕಳ ಜೊತೆ ದಿನಾ ದೊಡ್ಡವರೊಬ್ಬರು ಕೋಲು ಹಿಡಿದು ಹೋಗಬೇಕು. ಪಂಚಾಯತಿಗೆ ಹೇಳಿದರೆ "ಟ್ರೈನಿಂಗ್ ಆದವರು ಸಿಗುತ್ತಿಲ್ಲ" ಅನ್ನುತ್ತಾರೆ. ನಾಯಿ ಹಿಡಿಯಲಿಕ್ಕೂ ಕಾನೂನು ಪ್ರಕಾರ ಟ್ರೈನಿಂಗ್ ಬೇಕಾ? ನಮ್ಮೂರಿನ ನಾಲ್ಕು ಹುಡುಗರು ತಯಾರಿದ್ದಾರೆ. ಅವರು ಹಿಡಿದರೆ ತಪ್ಪೇನು?
— ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಬ್ಬರು ಓದುಗರು

ಉತ್ತರ: ಬೇಕು. ಪಂಚಾಯತಿನವರು ಹೇಳಿದ್ದು ಸುಳ್ಳಲ್ಲ. ಆದರೆ ಅವರು ಹೇಳಿದ್ದು ಅರ್ಧ ಮಾತ್ರ. ಉಳಿದರ್ಧ ಗೊತ್ತಿದ್ದರೆ ನೀವು ಅವರ ಹತ್ತಿರ ಬೇರೆಯೇ ಪ್ರಶ್ನೆ ಕೇಳುತ್ತಿದ್ದಿರಿ.

ಮೊದಲು ಒಂದು ವಿಷಯ. ಸಿನಿಮಾದಲ್ಲಿ ತೋರಿಸುವ ಹಾಗೆ ಯೂನಿಫಾರ್ಮ್ ಹಾಕಿದ "ಅನಿಮಲ್ ಕಂಟ್ರೋಲ್ ಆಫೀಸರ್" ನಮ್ಮ ಪಂಚಾಯತಿಗಳಲ್ಲಿ ಇಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಆ ಕೆಲಸಕ್ಕೆ ಸೇರಿದವರು 12 ಗಂಟೆಯ ಕೋರ್ಸ್ ಮುಗಿಸಬೇಕು, ಆಮೇಲೆ ಮೂರು ವರ್ಷಕ್ಕೆ 30 ಗಂಟೆ ಮತ್ತೆ ಕಲಿಯಬೇಕು ಅಂತ ಕಾನೂನಿದೆ. ನಮ್ಮಲ್ಲಿ ಹಾಗೆ ಗಂಟೆ ಎಣಿಸುವ ಲೆಕ್ಕ ಇಲ್ಲ. ಯಾವ ಪ್ರಾಣಿ ಅನ್ನುವುದರ ಮೇಲೆ ನಿಯಮ ಬದಲಾಗುತ್ತದೆ. ಅಂಗಳಕ್ಕೆ ಬಂದದ್ದು ನಾಯಿಯಾದರೆ ಒಂದು ಕಾನೂನು, ಹಾವಾದರೆ ಇನ್ನೊಂದು, ಕಾಡುಹಂದಿಯಾದರೆ ಮತ್ತೊಂದು.

ನಾಯಿಯ ಮಾತಿಗೆ ಬರೋಣ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಕೆಳಗೆ 2001ರಲ್ಲಿ ಎಬಿಸಿ ನಿಯಮಗಳು ಬಂದವು. ಎಬಿಸಿ ಅಂದರೆ ಅನಿಮಲ್ ಬರ್ತ್ ಕಂಟ್ರೋಲ್, ಸಂತಾನ ತಡೆಯುವ ಆಪರೇಷನ್. ನಾಯಿ ಹಿಡಿಯುವ ತಂಡ ಹೇಗಿರಬೇಕು ಅಂತ ಆಗಲೇ ಬರೆದಿದ್ದರು: ಗಾಡಿಯ ಡ್ರೈವರ್, ಹಿಡಿಯುವುದರಲ್ಲಿ ತರಬೇತಿ ಆದ ಕನಿಷ್ಠ ಇಬ್ಬರು, ಪ್ರಾಣಿ ಸಂಘಟನೆಯ ಒಬ್ಬರು ಪ್ರತಿನಿಧಿ. ಪ್ರತಿಯೊಬ್ಬರ ಹತ್ತಿರವೂ ಗುರುತಿನ ಕಾರ್ಡ್ ಇರಬೇಕು. 2023ರ ಮಾರ್ಚ್ 10ರಂದು ಹಳೆಯದರ ಜಾಗದಲ್ಲಿ ಹೊಸ ನಿಯಮಗಳು ಬಂದವು. ತರಬೇತಿಯ ಮಾತು ಅದರಲ್ಲೂ ಉಳಿಯಿತು. ಬಲೆಯಿಂದ ಅಥವಾ ಕೈಯಿಂದ ಹಿಡಿಯಬಹುದು. ಇಕ್ಕುಳ, ತಂತಿ ಬಳಸುವ ಹಾಗಿಲ್ಲ.

ತಂತಿ ಯಾಕೆ ಬೇಡ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಹುಡುಗರೂ ನಿಮ್ಮೂರಿನವರ ಹಾಗೇ ಹೊರಟಿದ್ದರು. ಕಟ್ಟಡ ಕೆಲಸದ ಬೈಂಡಿಂಗ್ ವಯರ್ ತಂದು ಕುಣಿಕೆ ಮಾಡಿದರು. ಕೋಳಿ ಅಂಗಡಿಯ ಹಿಂದೆ ಒಂದು ಕಂದು ನಾಯಿಯ ಕುತ್ತಿಗೆಗೆ ಬಿತ್ತು ಕೂಡಾ. ಆದರೆ ಎಳೆದಷ್ಟೂ ತಂತಿ ಬಿಗಿಯಾಗುತ್ತದೆ, ಬಿಗಿಯಾದಷ್ಟೂ ನಾಯಿ ಹುಚ್ಚೆದ್ದು ಹೊರಳುತ್ತದೆ. ಒಬ್ಬನ ಅಂಗೈ ಹರಿಯಿತು, ಇನ್ನೊಬ್ಬನ ಮೊಣಕೈಗೆ ಹಲ್ಲು ಕೂತಿತು. ನಾಯಿ ತಂತಿಯ ಸಮೇತ ತೋಟದೊಳಗೆ ಓಡಿತು. ಆಮೇಲೆ ಎರಡು ವಾರ ಆ ದಾರಿಯಲ್ಲಿ ಯಾರೂ ಹೋಗಲಾರದ ಸ್ಥಿತಿ. ಮೊದಲು ಬರೀ ಬೊಗಳುತ್ತಿದ್ದ ನಾಯಿ ಈಗ ಮನುಷ್ಯರನ್ನು ಕಂಡರೆ ಮೇಲೆ ಬೀಳುತ್ತಿತ್ತು.

ಗೊತ್ತಿದ್ದವರು ಹಿಡಿಯುವುದನ್ನೂ ನೋಡಿದ್ದೇನೆ. ಬೆಳಗ್ಗೆ ಆರು ಗಂಟೆ, ಮೀನು ಮಾರ್ಕೆಟಿನ ಹಿಂದುಗಡೆ. ಉದ್ದ ಕೋಲು, ತುದಿಯಲ್ಲಿ ಕಬ್ಬಿಣದ ಬಳೆ, ಅದಕ್ಕೆ ಚೀಲದ ಹಾಗೆ ಬಲೆ. ಆ ಮನುಷ್ಯ ಓಡಲಿಲ್ಲ, ಬೊಬ್ಬೆ ಹಾಕಲಿಲ್ಲ. ನಾಯಿಯ ಕಡೆ ನೋಡಲೂ ಇಲ್ಲ, ಬೇರೆಲ್ಲೋ ಹೋಗುವವನ ಹಾಗೆ ನಡೆದ. ಪಕ್ಕಕ್ಕೆ ಬಂದಾಗ ಬಲೆ ಬಿತ್ತು. ಕೂಡಲೇ ಕೋಲನ್ನು ಅರ್ಧ ಸುತ್ತು ತಿರುಗಿಸಿದ, ಬಲೆಯ ಬಾಯಿ ಮುಚ್ಚಿತು. ಆಮೇಲೆ ಮಾಡಿದ್ದೇ ನನಗೆ ಆಶ್ಚರ್ಯ. ಅವನು ಸುಮ್ನೆ ನಿಂತ. ನಾಯಿ ಒದ್ದಾಡಿ, ಸುಸ್ತಾಗಿ, ಮಲಗುವ ತನಕ ಕಾದ. "ಈಗ ಎತ್ತಿದರೆ ಅದು ಕಚ್ಚುತ್ತದೆ, ಆಮೇಲೆ ಎತ್ತಿದರೆ ಕಚ್ಚುವುದಿಲ್ಲ" ಅಂದ ಮಲಯಾಳದಲ್ಲಿ. ಎರಡು ನಿಮಿಷದ ಆ ಕಾಯುವಿಕೆಯನ್ನು ಯಾರಾದರೂ ಕಲಿಸಲೇಬೇಕು, ಅಲ್ವಾ? ಹುಡುಗರಿಗೆ ಅದು ತನ್ನಷ್ಟಕ್ಕೆ ಬರುವುದಿಲ್ಲ.

ಈಗ ಆ ಉಳಿದರ್ಧ. ಹಿಡಿಯುವವನಿಗೆ ಟ್ರೈನಿಂಗ್ ಆದರೆ ಮಾತ್ರ ಸಾಲದು. ಹಿಡಿದ ನಾಯಿಯನ್ನು ಎಲ್ಲಿಗೆ ಒಯ್ಯುತ್ತೀರಿ? ಕಾನೂನಿನ ಪ್ರಕಾರ ಇಡೀ ಯೋಜನೆಗೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಮಾನ್ಯತೆ ಬೇಕು. ಗೂಡುಗಳು, ಆಪರೇಷನ್ ಕೋಣೆ, ನುರಿತ ಡಾಕ್ಟರ್, ಆಪರೇಷನ್ ಆದ ಮೇಲೆ ನೋಡಿಕೊಳ್ಳುವವರು, ಎಲ್ಲ ಇದ್ದರೆ ಮಾತ್ರ ಮಾನ್ಯತೆ. ಗೂಡು ಎಷ್ಟಿದೆಯೋ ಅಷ್ಟೇ ನಾಯಿ ಹಿಡಿಯಬೇಕು.

ಇದು ಬರೀ ಕಾಗದದ ಶಾಸ್ತ್ರ ಅಂತ ನೀವು ಅಂದುಕೊಂಡರೆ ಕುಟುಂಬಶ್ರೀಯ ಕತೆ ನೆನಪಿಸಿಕೊಳ್ಳಿ. ಕುಟುಂಬಶ್ರೀ ಅಂದರೆ ಕೇರಳ ಸರ್ಕಾರದ ಮಹಿಳಾ ಸ್ವಸಹಾಯ ಗುಂಪುಗಳ ಜಾಲ. ಕೇರಳದ ಹಲವು ಜಿಲ್ಲೆಗಳಲ್ಲಿ ಅದರ ಘಟಕಗಳೇ ಈ ಕೆಲಸ ಮಾಡುತ್ತಿದ್ದವು. ನಾಯಿ ಹಿಡಿದು ಅಭ್ಯಾಸ ಇದ್ದವರು. ಆದರೆ ಮಂಡಳಿಯ ಮಾನ್ಯತೆ ಇರಲಿಲ್ಲ. 2021ರ ಡಿಸೆಂಬರಿನಲ್ಲಿ ಕೇರಳ ಹೈಕೋರ್ಟ್ ಅವರ ಕೆಲಸಕ್ಕೆ ತಡೆ ಹಾಕಿತು. ಕೈಗೆ ಕೆಲಸ ಗೊತ್ತಿತ್ತು, ಕೈಯಲ್ಲಿ ಕಾಗದ ಇರಲಿಲ್ಲ. ಅದರ ಬಿಸಿ ತಟ್ಟಿದ್ದು ಊರಿನವರಿಗೆ. ನನ್ನ ಅಭಿಪ್ರಾಯ ಕೇಳಿದರೆ, ಕೋರ್ಟಿನದ್ದು ತಪ್ಪಲ್ಲ. ಅಷ್ಟು ವರ್ಷ ಆ ಮಾನ್ಯತೆ ಮಾಡಿಸಿಕೊಡದೆ ಅವರನ್ನು ದುಡಿಸಿದ್ದು ತಪ್ಪು.

ಹಾಗಾಗಿ "ಟ್ರೈನಿಂಗ್ ಆದವರು ಸಿಗುತ್ತಿಲ್ಲ" ಅಂದಾಗ ನೀವು ಕೇಳಬೇಕಾದ್ದು ಇದು: ನಮ್ಮ ಪಂಚಾಯತು ಯಾವ ಎಬಿಸಿ ಕೇಂದ್ರದ ಜೊತೆ ಸೇರಿದೆ? ಅದಕ್ಕೆ ಮಂಡಳಿಯ ಮಾನ್ಯತೆ ಇದೆಯಾ? ಅಲ್ಲಿ ಗೂಡು ಎಷ್ಟು? ಬಾಯಿಮಾತಿನಲ್ಲಿ ಕೇಳಬೇಡಿ, ಬರೆದು ಕೊಡಿ. ಬೇಕಾದರೆ ಹತ್ತು ರೂಪಾಯಿ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಪಂಚಾಯತಿಗೆ ದೂರು ಕನ್ನಡದಲ್ಲೇ ಬರೆಯಬಹುದು. ಕಾಸರಗೋಡಿನ ಕನ್ನಡಿಗರಿಗೆ ಭಾಷಾ ಅಲ್ಪಸಂಖ್ಯಾತರೆಂದು ಆ ಹಕ್ಕಿದೆ. ತರಬೇತಿಗೆ ಜಾಗವೇ ಇಲ್ಲ ಅಂತಲೂ ಹೇಳುವ ಹಾಗಿಲ್ಲ. ಊಟಿಯಲ್ಲಿ ವರ್ಲ್ಡ್‌ವೈಡ್ ವೆಟರ್ನರಿ ಸರ್ವಿಸ್ ಅನ್ನುವ ಪ್ರಾಣಿ ಸೇವಾ ಸಂಸ್ಥೆಯ ತರಬೇತಿ ಕೇಂದ್ರ ಇದೆ, ನಮಗೆ ಅದೇನು ದೆಹಲಿಯಷ್ಟು ದೂರ ಅಲ್ಲ.

ಹಾವಿನ ವಿಷಯದಲ್ಲಿ ಲೆಕ್ಕ ಉಲ್ಟಾ. ನಾಯಿಗೆ ಯೋಜನೆಯ ಮಾನ್ಯತೆ ಮುಖ್ಯವಾದರೆ, ಹಾವಿಗೆ ಆಯಾ ವ್ಯಕ್ತಿಯ ಸರ್ಟಿಫಿಕೇಟೇ ಮುಖ್ಯ. 2020ರಲ್ಲಿ ಕೊಲ್ಲಂ ಜಿಲ್ಲೆಯಲ್ಲಿ ಒಬ್ಬ ಗಂಡ ಹಾವು ಹಿಡಿಯುವವನಿಂದ ನಾಗರಹಾವು ತಂದು ಹೆಂಡತಿಗೆ ಕಚ್ಚಿಸಿ ಕೊಂದದ್ದು ನಿಮಗೆ ನೆನಪಿರಬಹುದು. ಅದೇ ವರ್ಷ ಕೇರಳ ಅರಣ್ಯ ಇಲಾಖೆ ಹಾವು ಹಿಡಿಯುವವರಿಗೆ ತರಬೇತಿ, ಸರ್ಟಿಫಿಕೇಟ್ ಕಡ್ಡಾಯ ಮಾಡಿತು. "ಸರ್ಪ" ಅನ್ನುವ ಆ್ಯಪ್ ಕೂಡಾ ಆಗಲೇ ಬಂತು. ಅದರಲ್ಲಿ ಹತ್ತಿರದ ಅಧಿಕೃತ ಹಾವು ಹಿಡಿಯುವವರ ನಂಬರ್ ಸಿಗುತ್ತದೆ. ಊರಿನಲ್ಲಿ ಬರಿಗೈಯಲ್ಲಿ ಬಾಲ ಹಿಡಿದು ತೂಗಿ ಫೋಟೋ ತೆಗೆಸಿಕೊಳ್ಳುವವರು ಎಷ್ಟೇ ಧೈರ್ಯಶಾಲಿಗಳಾದರೂ, ಸರ್ಟಿಫಿಕೇಟ್ ಇಲ್ಲದಿದ್ದರೆ ವನ್ಯಜೀವಿ ಕಾಯ್ದೆಯ ಕೇಸಿಗೆ ಬೀಳುತ್ತಾರೆ.

ಕಾಡುಹಂದಿಗೆ ಟ್ರೈನಿಂಗಿನ ಮಾತಿಲ್ಲ, ಲೈಸೆನ್ಸ್ ಇರುವ ಕೋವಿ ಬೇಕು. ಕೃಷಿ ಹಾಳು ಮಾಡುವ ಹಂದಿಯನ್ನು ಕೊಲ್ಲಲು ಪಂಚಾಯತು ಅಧ್ಯಕ್ಷರೇ ಅನುಮತಿ ಕೊಡಬಹುದು ಅಂತ 2022ರಲ್ಲಿ ಕೇರಳದಲ್ಲಿ ಆದೇಶ ಬಂತು. ವಿಷ, ಸ್ಫೋಟಕ, ಕರೆಂಟ್ ಮಾತ್ರ ಬಳಸುವ ಹಾಗಿಲ್ಲ.

ನಿಮ್ಮ ನಾಲ್ಕು ಹುಡುಗರ ವಿಷಯ. ತಾವಾಗಿ ನಾಯಿ ಹಿಡಿಯಬಾರದು. ಹಿಡಿದು ಕೊಂದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್, ಐದು ವರ್ಷದ ತನಕ ಜೈಲು ಆಗಬಹುದು. ಗೋಣಿಯಲ್ಲಿ ಕಟ್ಟಿ ಕರ್ನಾಟಕ ಗಡಿಯ ತಲಪಾಡಿ ದಾಟಿಸಿ ಬಿಡುವುದು, ಸಾರಡ್ಕದ ಆಚೆ ಇಳಿಸಿ ಬರುವುದು, ಇದನ್ನು ನಮ್ಮಲ್ಲಿ ತಮಾಷೆಗೆ ಹೇಳುತ್ತಾರೆ, ಆಚೆಯವರೂ ನಮ್ಮ ಮೇಲೆ ಅದನ್ನೇ ಹೇಳುತ್ತಾರೆ. ಅದೂ ನಿಯಮಕ್ಕೆ ವಿರುದ್ಧ. ಆಪರೇಷನ್, ಚುಚ್ಚುಮದ್ದು ಆದ ನಾಯಿಯನ್ನು ಹಿಡಿದ ಜಾಗಕ್ಕೇ ಬಿಡಬೇಕು ಅನ್ನುವುದು ನಿಯಮ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಕೂಡಾ ಅದನ್ನೇ ಹೇಳಿತು, ರೇಬೀಸ್ ಇರುವ ಮತ್ತು ಮೇಲೆ ಬೀಳುವ ನಾಯಿಗಳನ್ನು ಬಿಟ್ಟು. ಅದೇ ವರ್ಷದ ನವೆಂಬರ್ 7ರ ಆದೇಶ ನಿಮಗೆ ಉಪಯೋಗಕ್ಕೆ ಬರುತ್ತದೆ: ಶಾಲೆ, ಆಸ್ಪತ್ರೆ, ಬಸ್‌ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಆವರಣದ ನಾಯಿಗಳನ್ನು ಹಿಡಿದರೆ ಮತ್ತೆ ಅಲ್ಲೇ ಬಿಡುವ ಹಾಗಿಲ್ಲ. ಶಾಲೆಯ ಅಂಗಳದಲ್ಲೇ ನಾಯಿಗಳಿದ್ದರೆ ದೂರಿನಲ್ಲಿ ಅದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಹುಡುಗರಿಗೆ ನಿಜವಾಗಿಯೂ ಮನಸ್ಸಿದ್ದರೆ, ಪಂಚಾಯತಿನ ಮೂಲಕ ಮೃಗಾಸ್ಪತ್ರೆಗೆ ಹೆಸರು ಕೊಡಲಿ, ತರಬೇತಿ ಕೊಡಿಸಿ ಅನ್ನಲಿ. ಅದಕ್ಕೂ ಮೊದಲು ರೇಬೀಸ್ ಚುಚ್ಚುಮದ್ದು ತೆಗೆದುಕೊಳ್ಳಬೇಕು. ಕಚ್ಚುವ ಮೊದಲೇ ತೆಗೆದುಕೊಳ್ಳುವುದು ಇದು, ಮೂರು ಡೋಸ್: ಮೊದಲ ದಿನ, 7ನೇ ದಿನ, ಆಮೇಲೆ 21 ಅಥವಾ 28ನೇ ದಿನ. ಅಷ್ಟಾದರೂ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಲೇಬೇಕು.

ಅಲ್ಲಿ ತನಕ ಅವರು ಮಾಡಬಹುದಾದ ಒಂದು ಕೆಲಸ ಇದೆ, ಅದಕ್ಕೆ ಯಾವ ಸರ್ಟಿಫಿಕೇಟೂ ಬೇಡ. ಆಪರೇಷನ್ ಆದ ನಾಯಿಯ ಕಿವಿಯಲ್ಲಿ ಒಂದು ಸಣ್ಣ ಕತ್ತರಿ ಗುರುತು ಇರುತ್ತದೆ. ಎಷ್ಟು ನಾಯಿಗೆ ಆ ಗುರುತಿಲ್ಲ, ಅವು ಎಷ್ಟು ಹೊತ್ತಿಗೆ ಎಲ್ಲಿ ಸೇರುತ್ತವೆ, ಮರಿ ಎಷ್ಟು ಅಂತ ಬರೆದಿಡಲಿ. ಹಿಡಿಯುವ ತಂಡಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಪಂಚಾಯತು ಆಫೀಸಿಗೆ ಅದನ್ನು ಕೊಡುವಾಗ ಮಾತ್ರ ಸ್ವಲ್ಪ ಜಾಗ್ರತೆ. "ಪಟ್ಟಿ ತಂದಿದ್ದೇವೆ" ಅಂತ ಬಾಗಿಲಲ್ಲೇ ಹೇಳಿದರೆ ಮಲಯಾಳಂ ಕ್ಲರ್ಕ್ ಕಾಲು ಮೇಲೆತ್ತಿಕೊಂಡಾರು, ಅವರ ಭಾಷೆಯಲ್ಲಿ ಪಟ್ಟಿ ಅಂದರೆ ನಾಯಿ. "ಪಟ್ಟಿಕ" ಅನ್ನಿ.