ಬ್ಯಾಲೆನ್ಸ್ ಮಾಡಿದ ಫ್ಯಾನ್ ಮತ್ತೆ ಯಾಕೆ ಅದುರುತ್ತದೆ?

ಕಾರ್ಖಾನೆಯ ದೊಡ್ಡ ಫ್ಯಾನ್ ನಿಲ್ಲಿಸಿದಾಗ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿ. ಬ್ಲೇಡುಗಳಿರುವ ತಿರುಗುವ ಚಕ್ರ, ಅಂದರೆ ಇಂಪೆಲ್ಲರ್‌ನ ಹಿಂದಿನ ತಟ್ಟೆಯ ಮೇಲೆ ಅಲ್ಲಲ್ಲಿ ಸಣ್ಣ ಕಬ್ಬಿಣದ ತುಂಡುಗಳು ವೆಲ್ಡ್ ಆಗಿರುತ್ತವೆ. ಬ್ಯಾಲೆನ್ಸ್ ಮಾಡಲು ಹಾಕಿದ ತೂಕಗಳು ಅವು. ನಾನು ಒಮ್ಮೆ ನೋಡಿದ ಫ್ಯಾನಿನಲ್ಲಿ ಇಂಥವು ಒಂಬತ್ತು ಇದ್ದವು. ಕೆಲವು ತುಕ್ಕು ಹಿಡಿದು ಕಪ್ಪಾಗಿದ್ದವು, ಒಂದರ ವೆಲ್ಡಿಂಗ್ ಇನ್ನೂ ಹೊಳೆಯುತ್ತಿತ್ತು. ಅದರಲ್ಲಿ ಎರಡು ತೂಕ ಸರಿಯಾಗಿ ಎದುರುಬದುರು. ಅಂದರೆ ಒಬ್ಬರು ಹಾಕಿದ್ದನ್ನು ಇನ್ನೊಬ್ಬರು ಬಂದು ರದ್ದು ಮಾಡಿ ಹೋಗಿದ್ದಾರೆ. ಪ್ರತಿ ಸಲ ವೈಬ್ರೇಶನ್ ಇಳಿದಿದೆ, ಪ್ರತಿ ಸಲ ಕೆಲವೇ ವಾರಗಳಲ್ಲಿ ವಾಪಸ್ ಬಂದಿದೆ.

ನನಗೆ ತಾಳ್ಮೆ ಕೆಡುವುದು ಇಲ್ಲೇ. ಫ್ಯಾನ್ ಅದುರಿದರೆ ಬ್ಯಾಲೆನ್ಸ್ ಹೋಗಿದೆ, ತೂಕ ಹಾಕಿ ಅನ್ನುವ ನಂಬಿಕೆ ಎಷ್ಟು ಗಟ್ಟಿಯಾಗಿ ಕೂತಿದೆ ಅಂದರೆ, ಒಂಬತ್ತನೇ ಸಲವೂ ಯಾರೂ ಯಾಕೆ ಅಂತ ಕೇಳಲಿಲ್ಲ. ಕೊನೆಗೆ "ಈ ಫ್ಯಾನಿನ ಸ್ವಭಾವವೇ ಹಾಗೆ" ಅಂದುಬಿಡುತ್ತಾರೆ. ಕಬ್ಬಿಣಕ್ಕೆ ಸ್ವಭಾವ ಅಂತ ಇಲ್ಲ, ಕಾರಣ ಇದೆ. ಜ್ವರ ಬಂದಾಗೆಲ್ಲ ಮಾತ್ರೆ ನುಂಗಿ ರಕ್ತಪರೀಕ್ಷೆ ಮಾಡಿಸದೆ ಇದ್ದ ಹಾಗೆ ಇದು.

ಬ್ಯಾಲೆನ್ಸ್ ತಪ್ಪುವುದು ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ನಿಮಿಷಕ್ಕೆ 1480 ಸುತ್ತು ತಿರುಗುವ ಇಂಪೆಲ್ಲರ್‌ನಲ್ಲಿ, ನಡುವಿನಿಂದ 1 ಮೀಟರ್ ದೂರದಲ್ಲಿ ಬರೀ 100 ಗ್ರಾಂ ಹೆಚ್ಚಾಗಿದೆ ಅಂದುಕೊಳ್ಳಿ. ಅದು ಹೊರಕ್ಕೆ ಎಳೆಯುವ ಬಲ ಸುಮಾರು 2400 ನ್ಯೂಟನ್. ಸುಮಾರು 245 ಕಿಲೋ ಭಾರ ತೂಗಿಬಿಟ್ಟ ಹಾಗೆ, ಅದೂ ಸೆಕೆಂಡಿಗೆ ಹೆಚ್ಚುಕಡಿಮೆ 25 ಸಲ ಸುತ್ತುತ್ತಾ. ಕವಣೆ ಬೀಸಿದವರಿಗೆ ಇದು ಕೈಯಲ್ಲೇ ಗೊತ್ತು. ವೇಗ ಅರ್ಧ ಮಾಡಿದರೆ ಬಲ ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಫ್ಯಾನುಗಳಿಗೆ ಸಾಮಾನ್ಯವಾಗಿ ಜಿ 6.3 ಅನ್ನುವ ಮಟ್ಟದ ಬ್ಯಾಲೆನ್ಸ್ ಕೇಳುತ್ತಾರೆ (ಬ್ಯಾಲೆನ್ಸ್ ಎಷ್ಟು ನಿಖರವಾಗಿರಬೇಕು ಅಂತ ಹೇಳುವ ದರ್ಜೆ ಇದು). ಅದೇ 1480 ಸುತ್ತಿಗೆ ಲೆಕ್ಕ ಹಾಕಿದರೆ, ಒಂದು ಟನ್ ತೂಕದ ಇಂಪೆಲ್ಲರ್‌ಗೆ 1 ಮೀಟರ್ ದೂರದಲ್ಲಿ 40 ಗ್ರಾಂ ವ್ಯತ್ಯಾಸದವರೆಗೆ ಮಾತ್ರ ಅವಕಾಶ.

ಹಾಗಾಗಿ ಧೂಳು ಗಾಳಿ ಎಳೆಯುವ ಫ್ಯಾನಿನಲ್ಲಿ ಮೊದಲ ಅನುಮಾನ ಧೂಳಿನ ಮೇಲೆ. ಬ್ಲೇಡಿನ ಬೆನ್ನಿಗೆ ಧೂಳು ಪದರ ಪದರವಾಗಿ ಕೂರುತ್ತದೆ. ಎಲ್ಲಾ ಬ್ಲೇಡಿಗೂ ಸಮವಾಗಿ ಕೂತರೆ ಏನೂ ಆಗಲ್ಲ. ಒಂದು ದಿನ ಫ್ಯಾನ್ ನಿಲ್ಲಿಸಿ ಚಾಲೂ ಮಾಡುವಾಗ ಒಂದೇ ಬ್ಲೇಡಿನ ಹೆಕ್ಕಳೆ ಕಿತ್ತುಕೊಂಡು ಹೋಗುತ್ತದೆ, ಆವಾಗ ಗಡಗಡ ಶುರು. ಇದನ್ನು ತೊಳೆಯದೆ ತೂಕ ಹಾಕಿದರೆ ಮುಂದಿನ ಸಲ ತೊಳೆದಾಗ ಆ ತೂಕವೇ ತೊಂದರೆ. ಕೆಲವು ಫ್ಯಾನುಗಳ ಬ್ಲೇಡ್ ವಿಮಾನದ ರೆಕ್ಕೆಯ ಹಾಗೆ ಟೊಳ್ಳು. ಸವೆದು ತೂತು ಬಿದ್ದರೆ ಒಳಗೆ ಧೂಳೋ ನೀರೋ ಸೇರಿಕೊಳ್ಳುತ್ತದೆ, ಮತ್ತೆ ಒಂದೇ ಕಡೆ ನಿಲ್ಲುವುದಿಲ್ಲ. ಶಾಫ್ಟಿನ ಮೇಲೆ ಹಬ್ (ಚಕ್ರವನ್ನು ಶಾಫ್ಟಿಗೆ ಕೂರಿಸುವ ನಡುಭಾಗ) ಸಡಿಲ ಆಗಿದ್ದರೂ ಹೀಗೆಯೇ, ಒಂದೊಂದು ಸ್ಟಾರ್ಟಿಗೆ ಒಂದೊಂದು ರೀಡಿಂಗ್.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ಒಂದು ರಬ್ಬರ್ ಬ್ಯಾಂಡಿಗೆ ಕೀಲಿಕೈ ಗೊಂಚಲು ಕಟ್ಟಿ ತೂಗಾಡಿಸಿ. ಕೈಯನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರೆ ಗೊಂಚಲು ಕೈಯ ಜೊತೆಗೇ ಹೋಗುತ್ತದೆ. ಸ್ವಲ್ಪ ಜೋರು ಮಾಡಿ, ಒಂದು ಹಂತದಲ್ಲಿ ಅದು ಹುಚ್ಚು ಹಿಡಿದ ಹಾಗೆ ಕುಣಿಯುತ್ತದೆ. ಇನ್ನೂ ಜೋರು ಮಾಡಿದರೆ ಕುಣಿತ ಕಡಿಮೆ ಆಗುತ್ತದೆ, ಆದರೆ ಗಮನಿಸಿ, ಕೈ ಮೇಲೆ ಹೋದಾಗ ಗೊಂಚಲು ಕೆಳಗಿರುತ್ತದೆ! ಪ್ರತಿ ವಸ್ತುವಿಗೂ ತನ್ನದೇ ಒಂದು ತಾಳ ಇದೆ. ಉಯ್ಯಾಲೆಯನ್ನು ಅದರ ತಾಳಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಮಗುವೂ ಎತ್ತರಕ್ಕೆ ತೂಗಬಲ್ಲದು ಅಲ್ವಾ? ಫ್ಯಾನ್, ಅದರ ಬೇರಿಂಗ್ ಪೀಠ, ಕೆಳಗಿನ ಕಾಂಕ್ರೀಟು ಇವೆಲ್ಲ ಸೇರಿ ಒಂದು ಉಯ್ಯಾಲೆ. ತಿರುಗುವ ವೇಗ ಆ ತಾಳಕ್ಕೆ ಹತ್ತಿರ ಬಂದರೆ ಸಣ್ಣ ತಳ್ಳುವಿಕೆಯೂ ದೊಡ್ಡ ಅದುರಾಟ ಆಗುತ್ತದೆ, ಇದೇ ಅನುರಣನೆ (ರೆಸೊನೆನ್ಸ್).

ಹಿಂದೆ ತಿರುಗುವ ಶಾಫ್ಟಿಗೆ ಮೆಲ್ಲಗೆ ಸೀಮೆಸುಣ್ಣ ತಾಗಿಸುತ್ತಿದ್ದರು. ಗೆರೆ ಬಿದ್ದ ಕಡೆ ಶಾಫ್ಟ್ ಹೆಚ್ಚು ಹೊರಗೆ ಬರುತ್ತಿದೆ ಅಂತ ಅರ್ಥ, ಅದರ ಎದುರಿಗೆ ತೂಕ ಹಾಕಿದರೆ ಆಯ್ತು. ತಾಳಕ್ಕಿಂತ ಕಡಿಮೆ ವೇಗದಲ್ಲಿ ಇದು ಸರಿ. ತಾಳದ ಹತ್ತಿರ ಬಂದಾಗ ಭಾರದ ಜಾಗಕ್ಕೂ ಗೆರೆ ಬೀಳುವ ಜಾಗಕ್ಕೂ 90 ಡಿಗ್ರಿ ಅಂತರ ಬರುತ್ತದೆ. ತಾಳ ದಾಟಿದ ಮೇಲೆ 180 ಡಿಗ್ರಿ, ಅಂದರೆ ಗೆರೆ ಬೀಳುವುದು ಹಗುರಾದ ಕಡೆ. ದೊಡ್ಡವರೂ ಇಲ್ಲಿ ಎಡವಿದ್ದಾರೆ. 1869ರಲ್ಲಿ ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ರಾಂಕಿನ್, ಆ ತಾಳದ ವೇಗ ದಾಟಿ ಶಾಫ್ಟ್ ತಿರುಗಿಸುವುದು ಸಾಧ್ಯವೇ ಇಲ್ಲ ಎಂದು ಲೆಕ್ಕ ಮಾಡಿ ತೋರಿಸಿದ. ಆದರೆ 1880ರ ದಶಕದಲ್ಲಿ ಸ್ವೀಡನ್ನಿನ ಗುಸ್ತಾಫ್ ಡೆ ಲಾವಲ್ ತನ್ನ ಉಗಿ ಟರ್ಬೈನಿಗೆ ಬೇಕೆಂದೇ ತೆಳ್ಳನೆ ಶಾಫ್ಟ್ ಹಾಕಿ ಆ ವೇಗ ದಾಟಿಸಿದ, ದಾಟಿದ ಮೇಲೆ ಅದು ಇನ್ನೂ ನಯವಾಗಿ ತಿರುಗಿತು. 1919ರಲ್ಲಿ ಎಂಜಿನಿಯರ್ ಜೆಫ್‌ಕಾಟ್ ಬರೆದ ಲೇಖನ ಇದನ್ನು ಎಲ್ಲರಿಗೂ ಒಪ್ಪಿಗೆ ಆಗುವಂತೆ ಬಿಡಿಸಿ ಹೇಳಿತು.

ಇದಕ್ಕೂ ಆ ಒಂಬತ್ತು ತೂಕಕ್ಕೂ ಏನು ಸಂಬಂಧ? ತಾಳದ ಹತ್ತಿರ ಓಡುವ ಫ್ಯಾನಿನಲ್ಲಿ ಈ ಕೋನ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ಬೋಲ್ಟ್ ಸ್ವಲ್ಪ ಸಡಿಲವಾದರೆ, ಪೀಠ ಸ್ವಲ್ಪ ಬಿಸಿಯಾದರೆ ತಾಳ ಒಂಚೂರು ಸರಿಯುತ್ತದೆ. ಕೋನ ಮಾತ್ರ ಹತ್ತಾರು ಡಿಗ್ರಿ ಹಾರುತ್ತದೆ. ಇಂಪೆಲ್ಲರ್‌ನಲ್ಲಿ ಭಾರ ಇದ್ದಲ್ಲೇ ಇದೆ, ಆದರೆ ವೈಬ್ರೇಶನ್ ಅಳೆಯುವ ಮೀಟರ್ ಇವತ್ತು ಒಂದು ಜಾಗ ತೋರಿಸುತ್ತದೆ, ಮುಂದಿನ ತಿಂಗಳು ಇನ್ನೊಂದು. ನಾವು ನೆರಳಿನ ಹಿಂದೆ ಓಡುತ್ತಾ ತೂಕ ಹಾಕುತ್ತೇವೆ.

ಅದಕ್ಕೇ ಹಳೇ ತೂಕಗಳನ್ನು ಸುಮ್ನೆ ಕಿತ್ತು ಹಾಕಬೇಡಿ, ಮೊದಲು ಓದಿ. ಎಲ್ಲಾ ಒಂದೇ ಪಕ್ಕದಲ್ಲಿ ಗುಂಪಾಗಿದ್ದರೆ ಎದುರಿನ ಪಕ್ಕ ಭಾರ ಆಗುತ್ತಲೇ ಇದೆ, ಅಥವಾ ಈ ಪಕ್ಕವೇ ಸವೆಯುತ್ತಿದೆ. ಸುತ್ತಲೂ ಚೆಲ್ಲಾಪಿಲ್ಲಿಯಾಗಿದ್ದರೆ ಧೂಳು, ಟೊಳ್ಳು ಬ್ಲೇಡು, ಸಡಿಲ ಹಬ್ ನೋಡಿ. ಒಂದಕ್ಕೊಂದು ಎದುರು ನಿಂತಿದ್ದರೆ ಇಂಪೆಲ್ಲರ್ ಬಿಟ್ಟು ಕೆಳಗಿನ ಪೀಠವನ್ನು ನೋಡಿ. ಇದೇ ಕೊನೆಯ ಮಾತಲ್ಲ, ಎಲ್ಲಿಂದ ಹುಡುಕಬೇಕು ಅನ್ನುವ ಸುಳಿವು.

ಆ ಫ್ಯಾನಿನಲ್ಲಿ ನಾವು ಮಾಡಿದ್ದು ಇಷ್ಟೇ. ಕರೆಂಟ್ ಆಫ್ ಮಾಡಿ, ಅದು ತಾನಾಗಿ ನಿಲ್ಲುವವರೆಗೆ ಮೀಟರ್ ನೋಡುತ್ತಾ ನಿಂತೆವು. ಆಫ್ ಮಾಡಿದ ಕ್ಷಣವೇ ವೈಬ್ರೇಶನ್ ಬಿದ್ದುಹೋಗಿದ್ದರೆ ಮೋಟರಿನ ವಿದ್ಯುತ್ ದೋಷ ಅನ್ನಬಹುದಿತ್ತು. ವೇಗದ ಜೊತೆಗೇ ಇಳಿಯುತ್ತಾ ಹೋಗಿದ್ದರೆ ಬ್ಯಾಲೆನ್ಸ್ ಅನ್ನಬಹುದಿತ್ತು. ಆದರೆ ವೇಗ ಇಳಿಯುತ್ತಿದ್ದಂತೆ ರೀಡಿಂಗ್ ಮೊದಲು ಮೇಲಕ್ಕೆ ಏರಿತು, ಆಮೇಲೆ ಇಳಿಯಿತು. ಓಡುವ ವೇಗದ ಸ್ವಲ್ಪ ಕೆಳಗೇ ತಾಳ ಕೂತಿತ್ತು. ವಿನ್ಯಾಸದ ಪ್ರಕಾರ ಅದು ಬಹಳ ಮೇಲೆ ಇರಬೇಕಾಗಿತ್ತು, ಅಂದರೆ ಪೀಠ ಎಲ್ಲೋ ಗಟ್ಟಿತನ ಕಳೆದುಕೊಂಡಿದೆ.

ಮತ್ತೆ ಚಾಲೂ ಮಾಡಿ, ಬೇರಿಂಗ್ ಪೀಠದ ಕಾಲು ಬೇಸ್ ಪ್ಲೇಟಿಗೆ ಕೂರುವ ಸಂದಿಯಲ್ಲಿ ಸ್ವಲ್ಪ ಎಣ್ಣೆ ಬಿಟ್ಟೆವು. ಮೂರು ಕಾಲುಗಳಲ್ಲಿ ಎಣ್ಣೆ ಸುಮ್ಮನೆ ನಿಂತಿತು. ನಾಲ್ಕನೆಯದರಲ್ಲಿ ಸಣ್ಣ ಗುಳ್ಳೆಗಳು, ಒಳಗೆ ಹೊರಗೆ, ಒಳಗೆ ಹೊರಗೆ. ಆ ಕಾಲು ಉಸಿರಾಡುತ್ತಿತ್ತು. ಬೇಸ್ ಪ್ಲೇಟಿನ ಅಂಚಿಗೆ ಎಣ್ಣೆ ಬಿಟ್ಟಾಗ ಅಲ್ಲೂ ಗುಳ್ಳೆ. ಕೆಳಗಿನ ಗ್ರೌಟ್, ಅಂದರೆ ಪ್ಲೇಟಿಗೂ ಕಾಂಕ್ರೀಟಿಗೂ ನಡುವೆ ತುಂಬಿದ ಗಾರೆ, ಪುಡಿಯಾಗಿತ್ತು, ಬೋಲ್ಟನ್ನು ಎಷ್ಟು ಬಿಗಿ ಮಾಡಿದರೂ ಹಿಡಿಯಲು ಏನೂ ಇರಲಿಲ್ಲ. ಅದನ್ನು ಒಡೆದು ಹೊಸ ಗ್ರೌಟ್ ಹಾಕಿ, ಗಟ್ಟಿಯಾದ ಮೇಲೆ ಇಂಪೆಲ್ಲರ್ ತೊಳೆದು, ಮೊದಲಿಂದ ಬ್ಯಾಲೆನ್ಸ್ ಮಾಡಿದೆವು. ಗ್ರೈಂಡರ್ ಹಿಡಿದು ತೂಕಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋದಾಗ ಕೊನೆಗೆ ಉಳಿದದ್ದು ಎರಡೇ.