ಕಲ್ಲುಪ್ಪು ಹಾಕಿದರೆ ಕಡಲ ನೀರಾಗಲ್ವಾ?

ಪ್ರಶ್ನೆ: ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಡಬೇಕು ಅಂತಿದ್ದೇನೆ. ಅಕ್ವೇರಿಯಂಗೆಂದೇ ತಯಾರಿಸುವ ಮರೀನ್ ಸಾಲ್ಟ್ ತುಂಬಾ ದುಬಾರಿ. ಅಯೋಡಿನ್ ಇಲ್ಲದ ಕಲ್ಲುಪ್ಪು ಹಾಕಿದರೆ ನಡೆಯುತ್ತಲ್ವಾ?

ನಡೆಯಲ್ಲ. ಹಿಂದೆಯೂ ಇದನ್ನೇ ಬರೆದಿದ್ದೆ. ಆದರೂ ಪ್ರಶ್ನೆ ನಿಂತಿಲ್ಲ, ಹಾಗಾಗಿ ಈ ಸಲ ಉದ್ದವಾಗಿಯೇ ಹೇಳಿಬಿಡುತ್ತೇನೆ.

ಈ ನಂಬಿಕೆಯ ಮೂಲ ಗೊತ್ತಿದೆ. ಗೋಲ್ಡ್ ಫಿಶ್ ಮೈಮೇಲೆ ಬಿಳಿ ಚುಕ್ಕೆ ಬಂದರೆ ಅಂಗಡಿಯವರು ಒಂದಿಷ್ಟು ಕಲ್ಲುಪ್ಪು ಹಾಕಿ ಅನ್ನುತ್ತಾರೆ. ಅದು ಔಷಧಿಯ ಲೆಕ್ಕ, ಇಲ್ಲಿಗೆ ಹೊಂದಲ್ಲ.

ಇನ್ನು ಪಾಪದ ಅಯೋಡಿನ್. ಅದು ಕಡಲ ನೀರಲ್ಲೂ ಇದೆ. ಕಲ್ಲುಪ್ಪಿನಲ್ಲಿ ಏನೇನು ಇಲ್ಲ ಅನ್ನುವುದನ್ನು ನೋಡಿ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಇಂಥ ಕಡೆ ಉಪ್ಪು ನೀರು ಬಿಸಿಲಿಗೆ ಬತ್ತುತ್ತಾ ಬಂದಂತೆ ಮೊದಲು ಸುಣ್ಣದಂಶ ತಳ ಸೇರುತ್ತದೆ, ಆಮೇಲೆ ಜಿಪ್ಸಂ. ಅಡುಗೆ ಉಪ್ಪು ಹರಳುಗಟ್ಟುವುದು ಅದಾದ ಮೇಲೆ. ಕೊನೆಗೆ ಉಳಿಯುವ ಕಹಿ ನೀರಿನಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ ಹೊರಟುಹೋಗುತ್ತವೆ. ನಮ್ಮ ಅಡುಗೆಗೆ ಒಳ್ಳೆಯದೇ ಆಯ್ತು. ಮೀನಿಗೆ ಬೇಕಾದದ್ದು ಮಾತ್ರ ಅಲ್ಲೇ ಉಳಿಯಿತು.

ಕಡಲ ನೀರಲ್ಲಿ ಕರಗಿರುವ ಉಪ್ಪಿನಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಸೇರಿ ಇರುವುದು ನೂರಕ್ಕೆ ಸುಮಾರು 85 ಪಾಲು. ಅದರ ಜೊತೆಗೆ ಲೀಟರ್ ನೀರಿಗೆ 1,300 ಮಿಲಿಗ್ರಾಂ ಹತ್ತಿರ ಮೆಗ್ನೀಸಿಯಂ, 400ರ ಆಸುಪಾಸು ಕ್ಯಾಲ್ಸಿಯಂ ಇರಬೇಕು. ಪಿಎಚ್ 8.2ರ ಹತ್ತಿರ ನಿಲ್ಲಲು ಬೈಕಾರ್ಬೊನೇಟ್ ಬೇಕು. ಕಡಲ ಮೀನು ಸುತ್ತಲಿನ ನೀರನ್ನು ಕುಡಿಯುತ್ತಲೇ ಇರುತ್ತದೆ. ನೀವು ಕರಗಿಸಿದ್ದೇ ಅದರ ಹೊಟ್ಟೆಗೆ.

‘ಹೈಡ್ರೋಮೀಟರ್ ಕಡಲ ನೀರಿನಂತೆಯೇ 1.025 ತೋರಿಸುತ್ತಲ್ಲ ಸಾರ್?’ ತೋರಿಸದೆ ಏನು ಮಾಡುತ್ತೆ! ಅದು ಸಾಂದ್ರತೆ ಅಳೆಯುತ್ತದೆ, ಕರಗಿದ್ದು ಯಾವ ಉಪ್ಪು ಅಂತ ಅದಕ್ಕೇನು ಗೊತ್ತು? ಸಕ್ಕರೆ ಕರಗಿಸಿ ನೋಡಿ, ಆಗಲೂ 1.025 ಬರುತ್ತದೆ. ಪಾನಕದಲ್ಲಿ ಕ್ಲೌನ್ ಫಿಶ್ ಬಿಡುತ್ತೀರಾ?

ಮರೀನ್ ಸಾಲ್ಟನ್ನೇ ತನ್ನಿ. ಪೊಟ್ಟಣದ ಮೇಲಿನ ಅಳತೆಯಂತೆ ಆರ್‌ಓ ನೀರಿಗೆ ಹಾಕಿ, ಬಕೆಟ್‌ನಲ್ಲಿ ಪಂಪ್ ಇಟ್ಟು ಒಂದು ದಿನ ತಿರುಗಲು ಬಿಡಿ. ಮೀನಿರುವ ಟ್ಯಾಂಕಿಗೆ ಸುಮ್ನೆ ಉಪ್ಪು ಸುರಿಯಬೇಡಿ.

ಟ್ಯಾಂಕ್‌ನ ನೀರು ಇಳಿದಾಗ ಏನು ಹಾಕಬೇಕು? ಇದನ್ನು ಯಾರೂ ಕೇಳಲ್ಲ, ಕೇಳಬೇಕಿತ್ತು. ‘ಉಪ್ಪುನೀರಿನ ಟ್ಯಾಂಕ್ ಅಲ್ವಾ’ ಅಂತ ಉಪ್ಪುನೀರನ್ನೇ ಸುರಿಯುವವರು ಜಾಸ್ತಿ. ಆವಿಯಾಗುವುದು ನೀರು ಮಾತ್ರ. ಮುಚ್ಚಳದ ಅಂಚಿಗೆ, ಪಂಪಿನ ವೈರಿಗೆ ಬಿಳಿ ಪೊರೆ ಕಟ್ಟುತ್ತಲ್ಲ, ಅದು ಸಿಡಿದ ಹನಿಗಳದ್ದು. ಅಷ್ಟು ಬಿಟ್ಟರೆ ಉಪ್ಪೆಲ್ಲ ಒಳಗೇ ಇರುತ್ತದೆ. 100 ಲೀಟರಿನ ಟ್ಯಾಂಕ್, ಲೀಟರಿಗೆ 35 ಗ್ರಾಂ ಉಪ್ಪು ಅಂದುಕೊಳ್ಳಿ. 10 ಲೀಟರ್ ಆರಿಹೋದರೆ ಲೀಟರಿಗೆ 39 ಗ್ರಾಂ ಹತ್ತಿರ ಆಗುತ್ತದೆ. ಅದರ ಮೇಲೆ ಮತ್ತೆ ಉಪ್ಪುನೀರು ಹಾಕುತ್ತಾ ಹೋದರೆ ಏರುತ್ತಲೇ ಇರುತ್ತದೆ.

ಗಾಜಿನ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ನೀರು ಅದಕ್ಕಿಂತ ಕೆಳಗಿಳಿದರೆ ಉಪ್ಪಿಲ್ಲದ ಆರ್‌ಓ ನೀರು, ದಿನಾ ಸ್ವಲ್ಪ ಸ್ವಲ್ಪ. ಹಳೆ ನೀರು ತೆಗೆದು ಹೊಸದು ತುಂಬುವ ದಿನ ಮಾತ್ರ ಉಪ್ಪುನೀರು.