ಬುಟ್ಟಿ ಖಾಲಿ, ಕಂಪ್ಯೂಟರಿನಲ್ಲಿ ಮಾತ್ರ ಸೊಪ್ಪು

ಸಂಜೆ ಏಳು ಗಂಟೆ. ಕೊತ್ತಂಬರಿ 14 ಕಟ್ಟು ಇದೆ ಅಂತ ಕಂಪ್ಯೂಟರ್ ತೋರಿಸುತ್ತಿದೆ. ಬುಟ್ಟಿಯಲ್ಲಿ ಒಂದೂ ಇಲ್ಲ. ಯಾರೂ ಕದ್ದಿಲ್ಲ. ಮಧ್ಯಾಹ್ನ ಬಾಡಿಹೋದ ಕಟ್ಟುಗಳನ್ನು ಸೆಕ್ಷನ್ ಹುಡುಗ ತೆಗೆದು ವೇಸ್ಟ್ ಕ್ರೇಟಿಗೆ ಹಾಕಿದ್ದಾನೆ, ಎಂಟ್ರಿ ಮಾಡಿಲ್ಲ. ಅಷ್ಟೇ. ರಾತ್ರಿ ಇಂಡೆಂಟ್, ಅಂದರೆ ನಾಳೆ ತರಿಸಬೇಕಾದ ಮಾಲಿನ ಪಟ್ಟಿ, ಹಾಕುವಾಗ ಸಾಫ್ಟ್‌ವೇರ್ ಆ 14 ಕಟ್ಟು ಇನ್ನೂ ಇದೆ ಅಂದುಕೊಂಡು ಅಷ್ಟು ಕಮ್ಮಿ ತರಿಸುತ್ತದೆ. ಮಾರನೇ ದಿನ ಐದು ಗಂಟೆಗೇ ಕೊತ್ತಂಬರಿ ಖಾಲಿ. ಕೊತ್ತಂಬರಿ ಸಿಗದ ಗಿರಾಕಿ ಟೊಮೇಟೊ, ಬೀನ್ಸ್ ಕೂಡ ಬಿಟ್ಟು ಹೊರಗಿನ ತಳ್ಳುಗಾಡಿಯ ಹತ್ತಿರ ಹೋಗುತ್ತಾರೆ.

ಸೂಪರ್‌ಮಾರ್ಕೆಟ್‌ಗಳ ಹಣ್ಣು-ತರಕಾರಿ ಸೆಕ್ಷನ್‌ಗೆ ಸಾಫ್ಟ್‌ವೇರ್ ಹಾಕಿಕೊಡುವುದು ನನ್ನ ಕೆಲಸ. ಮಾಲೀಕರು ಮೊದಲು ಕೇಳುವುದು ಒಂದೇ: "ನಾಳೆ ಎಷ್ಟು ಸೇಲ್ ಆಗುತ್ತೆ ಅಂತ ಇದು ಹೇಳುತ್ತಾ?" ಹೇಳುತ್ತದೆ. ಆದರೆ ವೇಸ್ಟ್ ಕ್ರೇಟಿಗೆ ಹೋದದ್ದನ್ನು ಬರೆಯದ ಅಂಗಡಿಯಲ್ಲಿ ಅದು ಹೇಳುವುದೆಲ್ಲ ತಪ್ಪಾಗಿರುತ್ತದೆ. ಎಷ್ಟು ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್ ಆದರೂ ಅಷ್ಟೇ.

ತಪ್ಪು ಒಂದು ದಿನಕ್ಕೆ ನಿಲ್ಲುವುದೂ ಇಲ್ಲ. ಐದು ಗಂಟೆಗೆ ಮಾಲು ಮುಗಿಯಿತಲ್ಲ, ಆಮೇಲಿನ ಸೇಲ್ ಸೊನ್ನೆ. ಬುಧವಾರ ಸಂಜೆ ಕೊತ್ತಂಬರಿ ಯಾರೂ ಕೊಳ್ಳುವುದಿಲ್ಲ ಅಂತ ಸಾಫ್ಟ್‌ವೇರ್ ಕಲಿತುಕೊಳ್ಳುತ್ತದೆ. ಮುಂದಿನ ಬುಧವಾರ ಇನ್ನೂ ಕಮ್ಮಿ ಆರ್ಡರ್. ಇದನ್ನು ನೋಡಿ ಬೇಸತ್ತ ಸೆಕ್ಷನ್ ಇನ್‌ಚಾರ್ಜ್ ಕೈಯಾರೆ ಆರ್ಡರ್ ಜಾಸ್ತಿ ಮಾಡುತ್ತಾರೆ. ಈಗ ಮಾಲು ಉಳಿಯುತ್ತದೆ, ಕೊಳೆಯುತ್ತದೆ, ಅದನ್ನೂ ಯಾರೂ ಬರೆಯುವುದಿಲ್ಲ. ಕೆಲವು ತಿಂಗಳಲ್ಲಿ ಎಲ್ಲರೂ ಮತ್ತೆ ನೋಟ್‌ಬುಕ್ಕಿಗೇ ಬರುತ್ತಾರೆ. "ಸಾಫ್ಟ್‌ವೇರ್ ಸರಿ ಇಲ್ಲ" ಅನ್ನುವ ಅಂಗಡಿಗಳಲ್ಲಿ ನಾನು ಮೊದಲು ನೋಡುವುದು ವೇಸ್ಟ್ ಎಂಟ್ರಿ ಮತ್ತು ಮಾಲು ಖಾಲಿಯಾದ ಹೊತ್ತು. ಖಾಲಿಯಾದ ಮೇಲಿನ ಸೊನ್ನೆಯನ್ನು ಬೇಡಿಕೆ ಇಲ್ಲದ ಸೊನ್ನೆ ಅಂತ ಎಣಿಸಲೇಬಾರದು. ಒಳ್ಳೆಯ ಸಾಫ್ಟ್‌ವೇರ್ ಇವೆರಡನ್ನೂ ಬೇರೆ ಬೇರೆ ಇಡುತ್ತದೆ.

ಲಾಭದ ಲೆಕ್ಕಕ್ಕೆ ಬರೋಣ. ಟೊಮೇಟೊ ತೆಗೆದುಕೊಳ್ಳಿ. ಕೆಜಿಗೆ 20 ರೂಪಾಯಿಯಂತೆ 100 ಕೆಜಿ ತಂದಿರಿ, 2,000 ರೂಪಾಯಿ. ಮಾರುವ ರೇಟು 30. ಮಾರಿದ ದುಡ್ಡಿನಲ್ಲಿ ಮೂರರಲ್ಲಿ ಒಂದು ಪಾಲು ಲಾಭ, ಅಂದರೆ ಶೇಕಡಾ 33 ಮಾರ್ಜಿನ್ ಅಂತ ಕಂಪ್ಯೂಟರ್ ತೋರಿಸುತ್ತದೆ. ನಿಜಕ್ಕೂ ನಡೆಯುವುದು ಬೇರೆ. ಆರಿಸುವಾಗಲೇ 3 ಕೆಜಿ ಒಡೆದದ್ದು ಹೋಯಿತು. ನೀರಿನಂಶ ಆರಿ, ತೂಕದಲ್ಲಿ ಅಲ್ಪಸ್ವಲ್ಪ ಹೆಚ್ಚುಕಮ್ಮಿಯಾಗಿ 2 ಕೆಜಿ ಹೋಯಿತು. 8 ಕೆಜಿ ಕೊಳೆತು ಹೋಯಿತು. ಮೆತ್ತಗಾದ 7 ಕೆಜಿಯನ್ನು ಸಂಜೆ 15 ರೂಪಾಯಿಗೆ ಕೊಟ್ಟಿರಿ. ಪೂರ್ತಿ ರೇಟಿಗೆ ಹೋದದ್ದು 80 ಕೆಜಿ. ಬಂದ ದುಡ್ಡು 2,400 ಮತ್ತು 105, ಒಟ್ಟು 2,505. ಲಾಭ 505. ಮಾರ್ಜಿನ್ ಶೇಕಡಾ 20. ಇದರಲ್ಲಿ ಗಾಡಿ ಬಾಡಿಗೆ, ಹಮಾಲಿ, ಕರೆಂಟು ಯಾವುದನ್ನೂ ನಾನು ಸೇರಿಸಿಲ್ಲ.

33ಕ್ಕೂ 20ಕ್ಕೂ ನಡುವಿನ ಈ ಅಂತರ ಪ್ರತಿ ಐಟಂಗೂ, ಪ್ರತಿ ದಿನವೂ ಕಾಣಬೇಕು. ತಿಂಗಳ ಕೊನೆಯಲ್ಲಿ ಎಲ್ಲ ತರಕಾರಿಗೂ ಸೇರಿಸಿ "ಶ್ರಿಂಕೇಜ್ (ಹಾಳಾಗಿ, ತೂಕ ಇಳಿದು ಕಳೆದುಹೋದ ಮಾಲು) ಇಷ್ಟು" ಅಂತ ಒಂದು ಸಂಖ್ಯೆ ಕೊಟ್ಟರೆ ಅದರಿಂದ ಏನು ಮಾಡಲಿಕ್ಕಾಗುತ್ತದೆ ಹೇಳಿ? ಆಲೂಗಡ್ಡೆ ಹಾಳಾಗುವುದು ಕಮ್ಮಿ, ಪಾಲಕ್ ಹಾಳಾಗುವುದು ಜಾಸ್ತಿ. ಎರಡನ್ನೂ ಬೆರೆಸಿದರೆ ಯಾವುದೂ ಗೊತ್ತಾಗುವುದಿಲ್ಲ. ರೇಟೂ ದಿನಕ್ಕೊಂದು. 2023ರ ಜುಲೈನಲ್ಲಿ ಟೊಮೇಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು, ನೆನಪಿದೆಯಲ್ವಾ? ಅಂಥ ದಿನಗಳಲ್ಲಿ ಹಳೇ ರೇಟಿನ ಸರಾಸರಿ ಇಟ್ಟುಕೊಂಡು ಲಾಭ ತೋರಿಸುವ ಸಾಫ್ಟ್‌ವೇರ್ ಮಾಲೀಕರ ಕಣ್ಣಿಗೆ ಮಣ್ಣೆರಚುತ್ತದೆ. ಇವತ್ತು ಬಂದ ಮಾಲಿಗೆ ಇವತ್ತಿನ ರೇಟು ಕೂರಬೇಕು.

ಹಾಗಾದರೆ ವೇಸ್ಟ್ ಎಂಟ್ರಿ ಯಾಕೆ ಆಗುವುದಿಲ್ಲ? ಸೋಮಾರಿತನ ಅಂತ ಮಾಲೀಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಂದು ಅಂಗಡಿಯಲ್ಲಿ ಸೊಪ್ಪಿನ ಸೆಕ್ಷನ್ ನೋಡಿಕೊಳ್ಳುವ ಹೆಂಗಸನ್ನು ಕೇಳಿದೆ. "ಬರೆದ್ರೆ ಬೈಸ್ಕೋಬೇಕು ಮೇಡಂ, ಬರೀದಿದ್ರೆ ಯಾರೂ ಕೇಳಲ್ಲ" ಅಂದರು. ಅವರ ಮಾತು ಸರಿಯಾಗಿತ್ತು. ಆ ಅಂಗಡಿಯಲ್ಲಿ ವೇಸ್ಟ್ ಜಾಸ್ತಿ ಬರೆದವರ ಹೆಸರು ವಾಟ್ಸಾಪ್ ಗ್ರೂಪಿನಲ್ಲಿ ಬರುತ್ತಿತ್ತು. ಕೌಂಟರಿನಿಂದ ದೂರದ ಆಫೀಸ್ ರೂಮಿಗೆ ಹೋಗಿ, ಪಾಸ್‌ವರ್ಡ್ ಹಾಕಿ, ಇಂಗ್ಲಿಷ್ ಹೆಸರುಗಳ ಉದ್ದದ ಪಟ್ಟಿಯಲ್ಲಿ ಸಬ್ಬಸಿಗೆ ಹುಡುಕಬೇಕಿತ್ತು. ಕೈಯೆಲ್ಲ ಒದ್ದೆ, ಮುಂದೆ ಗಿರಾಕಿ ನಿಂತಿದ್ದಾರೆ. ಯಾರಾದರೂ ಹೋಗುತ್ತಾರಾ?

ಇದಕ್ಕೆ ನಾವು ಮಾಡಿದ ಬದಲಾವಣೆ ದೊಡ್ಡದೇನಲ್ಲ. ವೇಸ್ಟ್ ಕ್ರೇಟಿನ ಪಕ್ಕದಲ್ಲೇ ಒಂದು ತಕ್ಕಡಿ. ಅದರ ಮೇಲೆ ಫೋಟೋ ಇರುವ ಬಟನ್‌ಗಳು, ಕೆಳಗೆ ಕನ್ನಡದಲ್ಲಿ ಹೆಸರು. ಕಟ್ಟು ಇಡು, ಫೋಟೋ ಒತ್ತು, ಕಾರಣ ಒತ್ತು: ಬಾಡಿದ್ದು, ಕೊಳೆತದ್ದು, ಬರುವಾಗಲೇ ಹಾಳಾಗಿದ್ದು. ಮುಗಿಯಿತು. ಮೂರನೇ ಕಾರಣ ಬಹಳ ಮುಖ್ಯ. ಮಂಡಿಯಿಂದ ಬರುವಾಗಲೇ ಹಾಳಾಗಿದ್ದರೆ ಅದು ಸೆಕ್ಷನ್‌ನವರ ತಪ್ಪಲ್ಲ, ಸಪ್ಲೈಯರ್ ಹತ್ತಿರ ಕೇಳಬೇಕಾದ ವಿಷಯ. ಮಾಲೀಕರಿಗೆ ಒಂದೇ ಷರತ್ತು ಹಾಕಿದೆ: ವೇಸ್ಟ್ ಬರೆದದ್ದಕ್ಕೆ ಯಾರಿಗೂ ಬೈಯಬಾರದು. ಶುರುವಿನಲ್ಲಿ ವೇಸ್ಟ್ ಸಂಖ್ಯೆ ಏರುತ್ತದೆ, ಗಾಬರಿ ಬೇಡ ಅಂತಲೂ ಹೇಳಿದೆ. ಮೊದಲಿಂದಲೂ ಇದ್ದದ್ದು ಈಗ ಕಾಣುತ್ತಿದೆ, ಅಷ್ಟೇ.

ಇನ್ನು ಮಾಲು ಬರುವ ಬಾಗಿಲು. ಬೆಳಗಿನ ಜಾವ ಗಾಡಿ ಬಂದಾಗ ಕ್ರೇಟ್ ಸಮೇತ ತೂಗುತ್ತಾರೆ. ಖಾಲಿ ಪ್ಲಾಸ್ಟಿಕ್ ಕ್ರೇಟೇ ಒಂದೂವರೆ-ಎರಡು ಕೆಜಿ ಇರುತ್ತದೆ. 50 ಕ್ರೇಟಿಗೆ ಒಂದೂವರೆ ಕೆಜಿಯಂತೆ ಕಳೆಯುವುದು ಮರೆತರೂ 75 ಕೆಜಿ ಇಲ್ಲದ ತರಕಾರಿ ಸ್ಟಾಕಿಗೆ ಸೇರುತ್ತದೆ. ಅದರ ದುಡ್ಡನ್ನೂ ಕೊಟ್ಟಿರುತ್ತೀರಿ. ಕ್ರೇಟಿನ ತೂಕ ಸಾಫ್ಟ್‌ವೇರೇ ಕಳೆಯಬೇಕು, ನೆನಪಿಟ್ಟುಕೊಳ್ಳುವ ಕೆಲಸ ಮನುಷ್ಯರಿಗೆ ಬಿಡಬಾರದು. ಕೊಳ್ಳುವುದು ಮೂಟೆಯಲ್ಲಿ, ಮಾರುವುದು ಕೆಜಿಯಲ್ಲಿ. ಬಾಳೆಹಣ್ಣು ಬರುವುದು ಗೊನೆಯಲ್ಲಿ, ಹೋಗುವುದು ತೂಕದಲ್ಲಿ, ದಿಂಡು ಹೋಗುವುದು ವೇಸ್ಟಿಗೆ. ಒಂದು ಗೊನೆಗೆ ಎಷ್ಟು ಕೆಜಿ ಮಾರುವ ಹಣ್ಣು ಸಿಗುತ್ತದೆ ಅಂತ ಅಂಗಡಿಯಲ್ಲೇ ತೂಗಿ ನೋಡಿ ಹಾಕಬೇಕು, ಊಹೆ ಸಾಲದು.

ಮಾರುವ ಕಡೆಯ ತಕ್ಕಡಿಯ ಸ್ಟಿಕ್ಕರ್ ನೋಡಿದ್ದೀರಾ? ಅದರ ಬಾರ್‌ಕೋಡ್ 2ರಿಂದ ಶುರುವಾಗುತ್ತದೆ. ಅಂಗಡಿಯ ಒಳಗಿನ ಬಳಕೆಗೆ ಅಂತಲೇ ಬಿಟ್ಟಿರುವ ಸಂಖ್ಯೆ ಅದು. ಒಳಗೆ ಐಟಂ ಕೋಡ್ ಮತ್ತು ತೂಕ ಅಥವಾ ಬೆಲೆ ಇರುತ್ತದೆ. ಹೊರದೇಶದ ಸೇಬಿನ ಮೇಲಿನ ನಾಲ್ಕಂಕಿಯ ಸಂಖ್ಯೆ ಬೇರೆ ಥರ. ಅದು ಎಷ್ಟೋ ದೇಶಗಳಲ್ಲಿ ಒಂದೇ. ನಮ್ಮ ದಂಟು, ಕೀರೆ, ಹರಿವೆಗೆ ಅಂಗಡಿಯವರೇ ಕೋಡ್ ಕೊಡಬೇಕಾಗುತ್ತದೆ. ಅಲ್ಲೇ ಎಡವಟ್ಟು. ನಾಟಿ ಟೊಮೇಟೊ ತೂಗಿ ಹೈಬ್ರಿಡ್ ಬಟನ್ ಒತ್ತಿದರೆ ಒಂದರ ಸ್ಟಾಕ್ ಮೈನಸ್‌ಗೆ ಹೋಗುತ್ತದೆ, ಇನ್ನೊಂದು ಸುಮ್ನೆ ಏರುತ್ತಾ ಇರುತ್ತದೆ. ಮೈನಸ್ ಕಂಡ ತಕ್ಷಣ ಅದನ್ನು ಸೊನ್ನೆ ಮಾಡಿ ಕೈತೊಳೆದುಕೊಳ್ಳಬೇಡಿ. ಜೋಡಿ ಯಾವುದು ಅಂತ ಹುಡುಕಿ.

ಹಾಲು, ಮೊಸರು, ಪನೀರ್, ದೋಸೆಹಿಟ್ಟಿನ ಕಥೆ ಇನ್ನೊಂದು. ಇವುಗಳ ಮೇಲಿನ ಸಾಮಾನ್ಯ 13 ಅಂಕಿಯ ಬಾರ್‌ಕೋಡಿನಲ್ಲಿ ತಾರೀಕು ಇರುವುದಿಲ್ಲ. ಹಾಗಾಗಿ ಯಾವ ಪ್ಯಾಕೆಟ್ ನಾಳೆ ಮುಗಿಯುತ್ತದೆ ಅಂತ ಬಿಲ್ಲಿಂಗ್ ಕೌಂಟರಿಗೆ ಗೊತ್ತಾಗುವುದಿಲ್ಲ. ತಾರೀಕನ್ನೂ ಹೊರಬಲ್ಲ ಚೌಕದ ಕೋಡ್‌ಗಳನ್ನು 2027ರ ಕೊನೆಯೊಳಗೆ ಅಂಗಡಿಗಳ ಕೌಂಟರ್‌ಗಳು ಓದುವಂತಾಗಬೇಕು ಅನ್ನುವುದು ಬಾರ್‌ಕೋಡ್‌ಗಳ ನಿಯಮ ರೂಪಿಸುವ ಜಿಎಸ್1 ಸಂಸ್ಥೆಯ ಗುರಿ. ಅಲ್ಲಿಯವರೆಗೆ ಮಾಲು ಬಂದಾಗಲೇ ತಾರೀಕು ಹಾಕಿಕೊಳ್ಳುವುದೇ ದಾರಿ. ಫ್ರಿಜ್ ಸೆನ್ಸರ್ ಹಾಕುವವರು ಎಲ್ಲಕ್ಕೂ ಒಂದೇ ಅಳತೆ ಇಡಬೇಡಿ. ಪನೀರ್‌ಗೆ 5 ಡಿಗ್ರಿಯೊಳಗೆ ಇರಬೇಕು, ಬಾಳೆಹಣ್ಣು 13 ಡಿಗ್ರಿಗಿಂತ ತಣ್ಣಗಾದರೆ ಸಿಪ್ಪೆ ಕಪ್ಪಾಗುತ್ತದೆ.

ಹಬ್ಬದ ಲೆಕ್ಕದಲ್ಲಿ ಹೊರಗಿನಿಂದ ಬಂದ ಸಾಫ್ಟ್‌ವೇರ್ ತುಂಬಾ ಎಡವುತ್ತದೆ. ಹೋದ ವರ್ಷದ ಇದೇ ತಾರೀಕಿನ ಸೇಲ್ ನೋಡಿ ಆರ್ಡರ್ ಹೇಳುತ್ತದೆ. ವರಮಹಾಲಕ್ಷ್ಮಿ ಹಬ್ಬ 2023ರಲ್ಲಿ ಅಧಿಕ ಶ್ರಾವಣದಿಂದಾಗಿ ಆಗಸ್ಟ್ 25ಕ್ಕೆ ಬಂತು, 2024ರಲ್ಲಿ 16ಕ್ಕೆ, 2025ರಲ್ಲಿ 8ಕ್ಕೆ. ತಾರೀಕು ನಂಬಿದವರಿಗೆ ಹಬ್ಬದ ಹಿಂದಿನ ದಿನ ಬಾಳೆಹಣ್ಣು, ತೆಂಗಿನಕಾಯಿ ಸಾಲುವುದಿಲ್ಲ, ಹಬ್ಬ ಮುಗಿದ ಮೇಲೆ ರಾಶಿ ಬೀಳುತ್ತದೆ. ಆಯುಧಪೂಜೆಯ ಬೂದುಗುಂಬಳವಂತೂ ಮಾರನೇ ದಿನ ಕೇಳುವವರೇ ಇರುವುದಿಲ್ಲ. ಆದ್ದರಿಂದ ನಾನು ಪ್ರತಿ ವರ್ಷ ಯುಗಾದಿಗೆ ಮುಂಚೆ ಪಂಚಾಂಗ ಇಟ್ಟುಕೊಂಡು ಕೂತು, ಹಬ್ಬಗಳನ್ನೆಲ್ಲ ಹೆಸರಿನಿಂದ ಸೇರಿಸುತ್ತೇನೆ. ಆಗ ಹೋಲಿಕೆ ಹಬ್ಬಕ್ಕೂ ಹಬ್ಬಕ್ಕೂ ಆಗುತ್ತದೆ. ಅವರೆಕಾಯಿಯ ಸೀಸನ್ನಿಗೂ ಹೀಗೇ ಒಂದು ಗುರುತು ಹಾಕುತ್ತೇನೆ. ಅದು ಬಂದರೆ ಬೀನ್ಸ್ ಸೇಲ್ ಇಳಿಯುತ್ತದೆ ಅಂತ ಸೆಕ್ಷನ್‌ನವರಿಗೆ ಗೊತ್ತು, ಕಂಪ್ಯೂಟರಿಗೆ ಹೇಳಿಕೊಡಬೇಕು.

ಹೊಸದಾಗಿ ಕೊಳ್ಳುವವರು ಡೆಮೋಗೆ ಬಂದವರ ಮುಂದೆ ಒಂದು ಕ್ರೇಟ್ ಮಿಶ್ರ ಸೊಪ್ಪು ಇಡಿ. ತೂಗಿ ಒಳಗೆ ತಗೊಳ್ಳಲಿ, ಕಟ್ಟಿನ ಲೆಕ್ಕದಲ್ಲಿ ಮಾರಲಿ, ಎರಡು ಕಟ್ಟು ವೇಸ್ಟಿಗೆ ಹಾಕಲಿ, ನಾಲ್ಕು ಕಟ್ಟಿನ ರೇಟು ಇಳಿಸಲಿ. ಇಷ್ಟನ್ನೂ ನಿಮ್ಮ ಸೆಕ್ಷನ್‌ನವರ ಕೈಯಲ್ಲೇ ಮಾಡಿಸಿ, ಡೆಮೋದವರು ಪಕ್ಕದಲ್ಲಿ ನಿಂತು ನೋಡಲಿ. ಆಮೇಲೆ ಆ ಸೊಪ್ಪಿನ ಅವತ್ತಿನ ಲಾಭ ಎಷ್ಟು ಅಂತ ಕೇಳಿ.